ಪ್ರೋಗ್ರೆಸಿವ್ ಕನ್ನಡಕ ಒಂದಿದ್ದರೆ ಎಲ್ಲದಕ್ಕೂ ಸಾಕೇ? ಕೊಳ್ಳುವ ಮೊದಲು ತಿಳಿಯಬೇಕಾದ ವಿಷಯಗಳು

"ಓದಲು, ಕಂಪ್ಯೂಟರ್‌ಗೆ, ದೂರಕ್ಕೆ ಎಲ್ಲಕ್ಕೂ ಒಂದೇ ಕನ್ನಡಕ ಸಾಕು" ಎನ್ನುವವರಿದ್ದಾರೆ. "ಪ್ರೋಗ್ರೆಸಿವ್ ಹಾಕಿದರೆ ಕಣ್ಣು ಹಾಳಾಗುತ್ತದೆ" ಎನ್ನುವವರೂ ಇದ್ದಾರೆ. ಮೊದಲನೆಯದು ಅರ್ಧ ಸತ್ಯ, ಎರಡನೆಯದು ತಪ್ಪು. ಏಕೆಂದು ನೋಡೋಣ.

ಚಾಳೀಸು ಏಕೆ ಬರುತ್ತದೆ?

40 ವರ್ಷದ ಆಸುಪಾಸಿನಲ್ಲಿ ಕಣ್ಣೊಳಗಿನ ಮಸೂರ ಮೃದುತ್ವ ಕಳೆದುಕೊಳ್ಳುತ್ತದೆ. ಹತ್ತಿರದ ಅಕ್ಷರ ಮಂಜಾಗಿ, ಮೊಬೈಲನ್ನು ದೂರ ಹಿಡಿಯಬೇಕಾಗುತ್ತದೆ. ಇದು ವಯಸ್ಸಿನ ಬದಲಾವಣೆ. ಕನ್ನಡಕ ಹಾಕಿದ್ದರಿಂದ ಪವರ್ ಹೆಚ್ಚುವುದಿಲ್ಲ, ಹಾಕದೇ ಇದ್ದರೆ ಕಡಿಮೆಯೂ ಆಗುವುದಿಲ್ಲ.

ಈ ಲೆನ್ಸ್ ಹೇಗೆ ಕೆಲಸ ಮಾಡುತ್ತದೆ?

ಮೇಲ್ಭಾಗ ದೂರಕ್ಕೆ, ಕೆಳಭಾಗ ಓದಲು, ನಡುವಿನ ಕಿರಿದಾದ ದಾರಿ ಕಂಪ್ಯೂಟರ್ ಇರುವಷ್ಟು ಅಂತರಕ್ಕೆ. ಬೈಫೋಕಲ್‌ನಂತೆ ಗೆರೆ ಕಾಣುವುದಿಲ್ಲ. ಆದರೆ ಪವರ್ ಹೀಗೆ ಮೆಲ್ಲಗೆ ಬದಲಾಗುವಾಗ ಲೆನ್ಸಿನ ಎರಡೂ ಬದಿಯಲ್ಲಿ ಮಸುಕು ಉಳಿಯುತ್ತದೆ. ದುಬಾರಿ ಲೆನ್ಸ್ ಅದನ್ನು ಕಡಿಮೆ ಮಾಡಬಹುದು, ಪೂರ್ತಿ ತೆಗೆಯಲಾರದು. ಮೊದಮೊದಲು ತಲೆ ತಿರುಗಿದಂತಾಗುವುದು ಇದರಿಂದಲೇ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಅಭ್ಯಾಸವಾಗುತ್ತದೆ.

ಯಾರಿಗೆ ಯಾವುದು?

• ಗಾಡಿ ಓಡಿಸುವುದು, ಅಂಗಡಿ ವ್ಯವಹಾರ, ಪಾಠ ಹೇಳುವುದು: ದೂರ, ಹತ್ತಿರ ಎರಡನ್ನೂ ಆಗಾಗ ನೋಡುವವರಿಗೆ ಪ್ರೋಗ್ರೆಸಿವ್ ಅನುಕೂಲ.
• ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು: ಪ್ರೋಗ್ರೆಸಿವ್‌ನಲ್ಲಿ ಪರದೆ ನೋಡಲು ಗಲ್ಲ ಎತ್ತಬೇಕಾಗಿ ಕತ್ತು ನೋಯಬಹುದು. 'ಆಫೀಸ್ ಲೆನ್ಸ್'ನಲ್ಲಿ ನಡುವಿನ ಭಾಗ ಅಗಲವಾಗಿರುತ್ತದೆ. ಇದನ್ನು ಹಾಕಿಕೊಂಡು ವಾಹನ ಓಡಿಸಬಾರದು.
• ದೂರ ಚೆನ್ನಾಗಿ ಕಾಣುತ್ತಿದ್ದು ಓದಲಷ್ಟೇ ತೊಂದರೆ ಇರುವವರು: ಸಾಧಾರಣ ಓದುವ ಕನ್ನಡಕವೇ ಸಾಕು.

ಮೆಟ್ಟಿಲ ಬಗ್ಗೆ ಎಚ್ಚರ

ಕೆಳಗೆ ನೋಡಿದಾಗ ಓದುವ ಭಾಗ ಅಡ್ಡ ಬಂದು ಮೆಟ್ಟಿಲಿನ ಅಂಚು ಮಂಜಾಗುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದು 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಕನ್ನಡಕ ಬಳಸುವ ಹಿರಿಯರಿಗೆ ಹೊರಗೆ ಓಡಾಡಲು ದೂರದೃಷ್ಟಿಯ ಪ್ರತ್ಯೇಕ ಕನ್ನಡಕ ಕೊಡಲಾಯಿತು. ನಿತ್ಯ ಹೊರಗೆ ಓಡಾಡುವವರು ಬೀಳುವುದು ಕಡಿಮೆಯಾಯಿತು. ಹೊರಗೆ ಹೋಗುವುದು ಅಪರೂಪವಾಗಿದ್ದವರಲ್ಲಿ ಮಾತ್ರ ಹೊರಗೆ ಬೀಳುವುದು ಹೆಚ್ಚಿತು. ಆದ್ದರಿಂದ ಮನೆಯ ಹಿರಿಯರ ಕನ್ನಡಕವನ್ನು ದಿಢೀರನೆ ಬದಲಿಸದೆ, ಅವರ ಓಡಾಟ ಹೇಗಿದೆ ಎಂದು ವೈದ್ಯರಿಗೆ ತಿಳಿಸಿ ತೀರ್ಮಾನಿಸಿ.

ಅಂಗಡಿಯಲ್ಲಿ ಏನು ಕೇಳಬೇಕು?

ನೀವು ಆರಿಸಿದ ಫ್ರೇಮನ್ನು ಮುಖಕ್ಕೆ ಹಾಕಿಯೇ ಎರಡೂ ಪಾಪೆಗಳ ನಡುವಿನ ಅಂತರ ಮತ್ತು ಎತ್ತರವನ್ನು ಅಳೆಯಬೇಕು. ತೀರಾ ಗಿಡ್ಡ ಫ್ರೇಮ್‌ನಲ್ಲಿ ಓದುವ ಭಾಗಕ್ಕೆ ಜಾಗ ಸಾಲದು. ನಿಮ್ಮ ಕಂಪ್ಯೂಟರ್ ಪರದೆ ಎಷ್ಟು ದೂರದಲ್ಲಿದೆ ಎಂದು ಮನೆಯಲ್ಲೇ ಅಳೆದು ಹೋಗಿ. ಎರಡು ವಾರ ಕಳೆದರೂ ಹೊಂದಿಕೆಯಾಗದಿದ್ದರೆ ಅಳತೆಯನ್ನು ಮರುಪರಿಶೀಲಿಸಲು ಹೇಳಿ.

ಕೊನೆಯದಾಗಿ, 40 ದಾಟಿದವರು ಪವರ್ ಜೊತೆಗೆ ಕಣ್ಣಿನ ಒತ್ತಡ ಮತ್ತು ನರವನ್ನೂ ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿ. ಗ್ಲಾಕೋಮಾ ಶುರುವಿನಲ್ಲಿ ಸಾಮಾನ್ಯವಾಗಿ ನೋವನ್ನೂ ಕೊಡುವುದಿಲ್ಲ, ಸೂಚನೆಯನ್ನೂ ಕೊಡುವುದಿಲ್ಲ. ಅದರಿಂದ ಕಳೆದುಕೊಂಡ ದೃಷ್ಟಿ ಯಾವ ಕನ್ನಡಕದಿಂದಲೂ ಮರಳುವುದಿಲ್ಲ.