ಎಡಗಡೆಯ ಆಸನದ ಗುರು

ಹುಡಗಿಯಿಂದ ಹುಮನಾಬಾದಿಗೆ ಹೋಗುವಾಗ ಕೆಂಪು ‘ಎಲ್’ ಅಕ್ಷರ ಹೊತ್ತ ಕಾರುಗಳನ್ನು ನೀವು ಕಂಡಿರಬಹುದು. ತರಬೇತಿ ಶಾಲೆಯ ಕಾರಿನಲ್ಲಿ ಕಲಿಸುವವನಿಗೂ ವಾಹನ ತಡೆಯುವ ಜೋಡಿ ನಿಯಂತ್ರಣವಿರಬೇಕೆಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮ. ಆದರೆ ಹವ್ಯಾಸಿಗಳು ತಮ್ಮದೇ ಕಾರು ತಂದು ರೇಸಿನ ಪಥದಲ್ಲಿ ವೇಗ ಕಲಿಯುವಾಗ ಗುರುವಿಗೆ ಸಾಮಾನ್ಯವಾಗಿ ಆ ಬ್ರೇಕೂ ಇಲ್ಲ, ಇರುವುದು ಮಾತೊಂದೇ. ವೇಗ ಎರಡರಷ್ಟಾದರೆ, ಬ್ರೇಕು ಒತ್ತಿದ ಮೇಲೆ ಕಾರು ಸಾಗುವ ದೂರ ಸುಮಾರು ನಾಲ್ಕರಷ್ಟಾಗುತ್ತದೆ. ಬ್ರಿಟನ್ನಿನ ನುರಿತ ರೇಸುಗಾರ ಶಾನ್ ಎಡ್ವರ್ಡ್ಸ್ 2013ರ ಅಕ್ಟೋಬರಿನಲ್ಲಿ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ, ಮಡಿದದ್ದು ಹೀಗೆ ಶಿಷ್ಯನ ಪಕ್ಕದಲ್ಲಿ ಕುಳಿತಿದ್ದಾಗಲೇ.

ಆದ್ದರಿಂದ ಮೊದಲ ಸುತ್ತುಗಳು ನಿಧಾನವಾಗಿರಬೇಕು; ‘ನಿಲ್ಲಿಸು’ ಎಂದೊಡನೆ ನಿಲ್ಲಿಸುವ ಕರಾರಿರಬೇಕು; ಶಿಷ್ಯ ಒಪ್ಪದಿದ್ದರೆ ಗುರು ಕೆಳಗಿಳಿಯಬೇಕು. ನಾನೂ ಮೂವತ್ತು ವರ್ಷ ಪಾಠ ಹೇಳಿದವನು. ಶಿಷ್ಯರ ತಪ್ಪಿಗೆ ನನ್ನ ಪ್ರಾಣ ಎಂದೂ ಒತ್ತೆಯಾಗಿರಲಿಲ್ಲ.