ಕಂದನೊಡನೆ ಕಡಲತೀರಕ್ಕೆ

ಎರಡು ವರ್ಷದ ಮಗುವಿನೊಂದಿಗೆ ಅಂಕೋಲೆಯಿಂದ ಕಾರವಾರಕ್ಕೆ ಹೊರಟಿದ್ದೀರಾ? ಮೆತ್ತಗಿನ ಮೊಸರನ್ನ, ಬಾಳೆಹಣ್ಣು, ಕುದಿಸಿ ಆರಿಸಿದ ನೀರು, ಇನ್ನೊಂದು ಜೊತೆ ಬಟ್ಟೆ ಚೀಲದಲ್ಲಿರಲಿ. ಬಿಸಿಲು ಇಳಿದ ಮೇಲೆ ಟ್ಯಾಗೋರ್ ಕಡಲತೀರಕ್ಕೆ ಹೋದರೆ ಮರಳು ಪುಟ್ಟ ಪಾದಗಳನ್ನು ಸುಡುವುದಿಲ್ಲ. ರವೀಂದ್ರನಾಥ ಟ್ಯಾಗೋರರು ತಾರುಣ್ಯದಲ್ಲಿ ಇಲ್ಲಿ ಅಣ್ಣನ ಮನೆಯಲ್ಲಿ ತಂಗಿದ್ದರು. ಹೆಸರು ಬಂದದ್ದು ಅದರಿಂದಲೇ. ದಡದಲ್ಲಿರುವ 'ಚಪಲ್' ಯುದ್ಧನೌಕೆಯನ್ನು ಮಗುವಿಗೆ ತೋರಿಸಿ.

ಆದರೆ ಒಂದು ಮಾತು. ನೀರಿಗೆ ಸಿಕ್ಕ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಮೊಣಕಾಲುದ್ದದ ನೀರೂ ಸಾಕು. ಮನೆಮಂದಿಯೆಲ್ಲ ಜೊತೆಗಿದ್ದಾಗಲೇ ಅಪಾಯ ಹೆಚ್ಚು. "ನೀವು ನೋಡ್ತೀರಿ ಅಂತ ನಾ ತಿಳ್ದೆ" ಅನ್ನುವ ಮಾತು ಬರುವುದು ಆಗಲೇ. ಅದಕ್ಕೇ ಪಾಳಿ ಹಚ್ಚಿಕೊಳ್ಳಿ. ಪಾಳಿಯವರು ಹರಟೆಗೂ ಕೂರಬಾರದು, ಮೊಬೈಲನ್ನೂ ಮುಟ್ಟಬಾರದು. ಮಗು ಕೈಗೆಟುಕುವಷ್ಟು ಹತ್ತಿರದಲ್ಲೇ ಇರಲಿ. ಮಳೆಗಾಲದಲ್ಲಂತೂ ಅಲೆಯ ಹತ್ತಿರ ಬಿಡಲೇಬೇಡಿ.