ನಾಡದೋಣಿಯ ಯಂತ್ರ ಸೊರಗಿದಾಗ

ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ಕರಾವಳಿಯ ನಾಡದೋಣಿಗಳಿಗೆ ಔಟ್‌ಬೋರ್ಡ್ ಯಂತ್ರ ಬಂದ ಮೇಲೆ ಹುಟ್ಟು ಹಾಕುವ ಶ್ರಮ ತಗ್ಗಿತು. ಆದರೆ ಅಳಿವೆಯ ಬಾಯಲ್ಲಿ ತೆರೆ ಒಡೆಯುವಾಗ ಯಂತ್ರ ಸೋತರೆ ದೋಣಿ ಅಡ್ಡ ತಿರುಗಿ ಮಗುಚಬಹುದು. ಆದುದರಿಂದ ಅದರ ದೋಷವನ್ನು ದಡದಲ್ಲಿಯೇ ಹುಡುಕಬೇಕು.

ಮೊದಲು ಸದ್ದನ್ನು ಕಿವಿಗೊಟ್ಟು ಕೇಳಿ. ಯಂತ್ರ ಜೋರಾಗಿ ಕಿರುಚಿಯೂ ದೋಣಿ ಸಾಗದಿದ್ದರೆ ದೋಷ ನೀರಿನ ಕೆಳಗಿದೆ. ಪ್ರೊಪೆಲ್ಲರಿನ ಎಲೆ ಮುರಿದಿರಬಹುದು. ಅದರ ನಡುವಿನ ರಬ್ಬರು ಜಾರುತ್ತಿರಬಹುದು. ಇಲ್ಲವೆ ಯಂತ್ರವನ್ನು ತೀರ ಎತ್ತರದಲ್ಲಿ ಕೂಡಿಸಿರಬಹುದು.

ಸದ್ದೇ ಏರದಿದ್ದರೆ, ಹೊರೆ ಹೆಚ್ಚಿದೆಯೆ ನೋಡಿ. ಯಂತ್ರ ನಿಲ್ಲಿಸಿ, ಪ್ರೊಪೆಲ್ಲರಿಗೆ ಬಲೆಯ ನೂಲು ಸುತ್ತಿದೆಯೆ, ದೋಣಿಯ ತಳಕ್ಕೆ ಪಾಚಿ, ಚಿಪ್ಪು ಹತ್ತಿದೆಯೆ ಪರೀಕ್ಷಿಸಿ.

ಅಲ್ಲಿಯೂ ಇಲ್ಲವೆಂದಾದರೆ ಎಣ್ಣೆಯ ದಾರಿ ಹಿಡಿಯಿರಿ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ತಿರುಪು ಮುಚ್ಚಿದ್ದರೆ ಯಂತ್ರ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಕೊಳವೆಯ ನಡುವಿನ ರಬ್ಬರ್ ಬಲ್ಬು ಚಪ್ಪಟೆಯಾಗುವುದೇ ಅದರ ಗುರುತು. ಬಲ್ಬನ್ನು ಹಿಚುಕುವಷ್ಟು ಕಾಲ ಮಾತ್ರ ಯಂತ್ರ ಚೇತರಿಸಿಕೊಂಡರೆ ಪಂಪಿನಲ್ಲೊ ಕೊಳವೆಯಲ್ಲೊ ದೋಷವಿದೆ. ಟ್ಯಾಂಕಿನ ತಳದ ಎಣ್ಣೆಯನ್ನು ಗಾಜಿನ ಸೀಸೆಯಲ್ಲಿ ತುಂಬಿಡಿ. ನೀರು ಸೇರಿದ್ದರೆ ಅಡಿಯಲ್ಲಿ ನಿಲ್ಲುತ್ತದೆ. ಸೀಮೆಎಣ್ಣೆಯಲ್ಲಿ ಓಡುವ ಯಂತ್ರದ ಪ್ಲಗ್ಗಿಗೆ ಮಸಿ ಬೇಗ ಕಟ್ಟುವುದರಿಂದ ಹೊಸ ಪ್ಲಗ್ಗು, ಸ್ಪ್ಯಾನರು ಸದಾ ಜೊತೆಗಿರಲಿ.

ಯಂತ್ರದಿಂದ ಹೊರಚಿಮ್ಮುವ ನೀರಿನ ಎಳೆ ತೆಳುವಾದರೆ, ತಣಿಸುವ ದಾರಿಯಲ್ಲಿ ಉಪ್ಪೊ ಮರಳೊ ಕಟ್ಟಿರಬಹುದು. ದಡ ಸೇರಿದ ಮೇಲೆ ಸಿಹಿನೀರಿನಲ್ಲಿ ತುಸು ಹೊತ್ತು ಓಡಿಸಿ ತೊಳೆಯುವುದೇ ಇದಕ್ಕೆ ಒಳ್ಳೆಯ ಮುನ್ನೆಚ್ಚರಿಕೆ.

ಒಂದು ಮಾತು ಮರೆಯದಿರಿ: ಯಂತ್ರ ಎಷ್ಟೇ ಚೆನ್ನಾಗಿದ್ದರೂ ಹುಟ್ಟುಗಳನ್ನು ದಡದಲ್ಲಿ ಬಿಟ್ಟು ಹೊರಡಬೇಡಿ.